ಸವುಳು ನೆಲದಲ್ಲಿ ಭತ್ತದ ಬೇರಿಗೆ ಉಪ್ಪು ಗೊತ್ತಾಗುವುದು ಹೇಗೆ?

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಬೇಸಿಗೆಯಲ್ಲಿ ಗದ್ದೆಗಳ ನಡುವೆ ಒಮ್ಮೆ ಹೋಗಿ ನೋಡಿ. ಹಸಿರು ಗದ್ದೆಯ ಮಗ್ಗುಲಲ್ಲೇ ಬೆಳ್ಳಗೆ ಪುಡಿ ಎದ್ದ ತುಂಡು ನೆಲ ಸಿಗುತ್ತದೆ. ಅದೇ ಸವುಳು. ವರ್ಷಾನುಗಟ್ಟಲೆ ನೀರು ಹಾಯಿಸಿ, ಬಸಿದು ಹೋಗಲು ದಾರಿಯಿಲ್ಲದೆ, ನೆಲದಡಿಯ ನೀರು ಮೇಲಕ್ಕೇರಿರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಅಂಥ ಕಡೆ ನಾಟಿ ಮಾಡಿದ ಸಸಿಯ ಎಲೆ ತುದಿ ಮೊದಲು ಸುಟ್ಟಂತಾಗುತ್ತದೆ. ಆಮೇಲೆ ಹಳೆ ಎಲೆಗಳು ಒಣಗುತ್ತವೆ. ತೆಂಡೆ ಒಡೆಯುವುದು ಕಡಿಮೆಯಾಗುತ್ತದೆ.

ಇಷ್ಟೆಲ್ಲ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ದಿನಗಳೇ ಕಳೆದಿರುತ್ತವೆ. ಆದರೆ ಉಪ್ಪು ತಾಗಿದ್ದು ಬೇರಿಗೆ ಗೊತ್ತಾಗುವುದು ಕೆಲವೇ ಸೆಕೆಂಡುಗಳಲ್ಲಿ. ಗಿಡಕ್ಕೆ ನಾಲಿಗೆ ಇಲ್ಲ, ನರ ಇಲ್ಲ, ಮಿದುಳು ಇಲ್ಲ. ಆದರೂ ಬೇರಿನ ತುದಿಗೆ ಬಿದ್ದ ಉಪ್ಪಿನ ಸುದ್ದಿ ನಿಮಿಷಗಳಲ್ಲಿ ಮೇಲಿನ ಎಲೆಗೂ ಮುಟ್ಟುತ್ತದೆ. ಈ ಸುದ್ದಿ ಒಯ್ಯುವ ಕೆಲಸದಲ್ಲಿ ದೊಡ್ಡ ಪಾಲು ಕ್ಯಾಲ್ಸಿಯಂನದು.

ಕ್ಯಾಲ್ಸಿಯಂ ಅಂದ ಕೂಡಲೇ ನಮಗೆ ನೆನಪಾಗುವುದು ಹಾಲು, ಮೂಳೆ, ಸುಣ್ಣ. ಗಿಡದಲ್ಲೂ ಅದಕ್ಕೆ ಕಟ್ಟಡದ ಕೆಲಸ ಇದೆ. ಜೀವಕೋಶಗಳ ಗೋಡೆಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ ಅಂಟು ಗಟ್ಟಿಯಾಗುವುದು ಕ್ಯಾಲ್ಸಿಯಂನಿಂದ. ಟೊಮೆಟೊ ಕಾಯಿಯ ಕೆಳತುದಿ ಕಪ್ಪಾಗಿ ಕೊಳೆಯುತ್ತದಲ್ಲ, ಬೆಳೆಯುವ ಕಾಯಿಗೆ ಸಾಕಷ್ಟು ಕ್ಯಾಲ್ಸಿಯಂ ತಲುಪದಿದ್ದಾಗ ಆಗುವುದು ಅದು. ಈ ಕೆಲಸಕ್ಕೆ ಕ್ಯಾಲ್ಸಿಯಂ ಜಾಸ್ತಿ ಬೇಕು. ಸುದ್ದಿ ಒಯ್ಯುವ ಕೆಲಸ ಇದಕ್ಕೆ ಪೂರಾ ಉಲ್ಟಾ. ಅದು ನಡೆಯುವುದೇ ಕ್ಯಾಲ್ಸಿಯಂ ಇಲ್ಲದ ಜಾಗದಲ್ಲಿ.

ಇಡೀ ವಿಷಯದ ಬೀಗದ ಕೈ ಇಲ್ಲೇ ಇರುವುದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಜೀವಕೋಶದ ಒಳಗಿನ ತೆಳು ದ್ರವಕ್ಕೆ ಕೋಶರಸ ಅನ್ನೋಣ. ಕೋಶ ಸುಮ್ನೆ ಇರುವಾಗ ಆ ರಸದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಸುಮಾರು 100 ನ್ಯಾನೊಮೋಲಾರ್. ಅಂದರೆ ಅಂಥ ರಸ ಒಂದು ಲೀಟರ್ ಸಿಕ್ಕರೆ ಅದರಲ್ಲಿ ಬರೀ 4 ಮೈಕ್ರೋಗ್ರಾಂ. ಅದೇ ಕೋಶದ ಹೊರಗೋಡೆಯ ನೀರಿನಲ್ಲಿ ಅದು ಒಂದು ಮಿಲಿಮೋಲಾರ್‌ವರೆಗೂ ಇರಬಹುದು, ಅಂದರೆ ಲೀಟರಿಗೆ 40 ಮಿಲಿಗ್ರಾಂ. ಹತ್ತು ಸಾವಿರ ಪಟ್ಟು ವ್ಯತ್ಯಾಸ! ಕೋಶದ ಒಳಗೇ ವ್ಯಾಕ್ಯೂಲ್ ಎಂಬ ದೊಡ್ಡ ಚೀಲವೊಂದಿದೆ. ಬೆಳೆದ ಕೋಶದ ಬಹುಪಾಲು ಜಾಗ ಅದೇ ಹಿಡಿದಿರುತ್ತದೆ. ಅದರಲ್ಲೂ ಕ್ಯಾಲ್ಸಿಯಂ ತುಂಬಿರುತ್ತದೆ. ಹೊರಗೆ ತುಂಬಿದೆ, ಒಳಚೀಲದಲ್ಲೂ ತುಂಬಿದೆ, ನಡುವಿನ ತೆಳು ರಸ ಮಾತ್ರ ಹೆಚ್ಚುಕಡಿಮೆ ಖಾಲಿ.

ಖಾಲಿ ಇಟ್ಟುಕೊಳ್ಳುವುದು ಯಾಕೆ? ಫಾಸ್ಫೇಟ್ ಕಾರಣಕ್ಕೆ. ಕೋಶದ ಶಕ್ತಿಯ ವ್ಯವಹಾರವೆಲ್ಲ ನಡೆಯುವುದು ಎಟಿಪಿ ಎಂಬ ಅಣುವಿನಿಂದ. ಅದರಲ್ಲಿರುವುದು ಫಾಸ್ಫೇಟ್. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಒಂದೆಡೆ ಜಾಸ್ತಿ ಸೇರಿದರೆ ಕರಗದ ಪುಡಿಯಾಗಿ ತಳಕ್ಕಿಳಿಯುತ್ತವೆ. ನಮ್ಮ ಮೂಳೆ ಗಟ್ಟಿಯಾಗುವುದೂ ಈ ಎರಡು ಸೇರಿಯೇ. ಮೂಳೆಗೆ ಒಳ್ಳೆಯದಾದದ್ದು ಕೋಶರಸಕ್ಕೆ ವಿಷ. ಹಾಗಾಗಿ ಜೀವಿಗಳು ಬಹಳ ಹಿಂದಿನಿಂದಲೂ ಕ್ಯಾಲ್ಸಿಯಂ ಅನ್ನು ಕೋಶರಸದಿಂದ ಹೊರಹಾಕುತ್ತಲೇ ಬಂದಿವೆ. ಪೊರೆಯಲ್ಲಿ ಅದಕ್ಕೆಂದೇ ಪಂಪುಗಳಿವೆ. ಕೆಲವು ಎಟಿಪಿ ಖರ್ಚು ಮಾಡಿ ಅದನ್ನು ಕೋಶದಾಚೆ ತಳ್ಳುತ್ತವೆ. ವ್ಯಾಕ್ಯೂಲ್ ಪೊರೆಯಲ್ಲಿ ಇನ್ನೊಂದು ಬಗೆಯವು ಹೈಡ್ರೋಜನ್ ಅಯಾನನ್ನು ಆಚೆ ಬಿಟ್ಟು, ಅದರ ಬದಲು ಕ್ಯಾಲ್ಸಿಯಂ ಅನ್ನು ಚೀಲದೊಳಗೆ ತುಂಬುತ್ತವೆ.

ವಿಷದಿಂದ ತಪ್ಪಿಸಿಕೊಳ್ಳಲು ಮಾಡಿಕೊಂಡ ಈ ಏರ್ಪಾಡೇ ಸುದ್ದಿ ಕಳಿಸುವ ದಾರಿಯೂ ಆಯಿತು. ನಮ್ಮ ಕಡೆಯವರಿಗೆ ಇದನ್ನು ತಿಳಿಯಲು ತುಂಗಭದ್ರಾ ಅಣೆಕಟ್ಟಿಗಿಂತ ಒಳ್ಳೆಯ ಉದಾಹರಣೆ ಬೇಡ. ಜಲಾಶಯ ತುಂಬಿದಾಗ ಸುಮಾರು 105 ಟಿಎಂಸಿ ನೀರು, ಅದನ್ನು ತಡೆದು ನಿಂತ 33 ಕ್ರೆಸ್ಟ್ ಗೇಟು. ಒಂದು ಗೇಟು ಎತ್ತಿದರೆ ಸಾಕು, ನೀರನ್ನು ಯಾರೂ ತಳ್ಳಬೇಕಿಲ್ಲ. ಕೆಳಗೆ ನದಿ ಪಾತ್ರ ಬತ್ತಿರುವುದರಿಂದಲೇ ಗೇಟು ತೆಗೆದದ್ದು ಕಂಪ್ಲಿಯವರಿಗೆ ಗೊತ್ತಾಗುತ್ತದೆ. ಹೊಳೆ ವರ್ಷವಿಡೀ ದಡ ಮುಟ್ಟಿ ಹರಿಯುತ್ತಿದ್ದರೆ ಒಂದು ಗೇಟಿನ ನೀರು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಕೋಶದ್ದೂ ಹಾಗೆಯೇ. ಪೊರೆಯಲ್ಲಿ ಚಾನೆಲ್ ಎಂಬ ಸಣ್ಣ ಗೇಟುಗಳಿವೆ. ಅವು ಅರೆಕ್ಷಣ ತೆರೆದರೂ ಕ್ಯಾಲ್ಸಿಯಂ ತಾನಾಗಿ ಒಳನುಗ್ಗುತ್ತದೆ. ಕೋಶದ ಒಳಗೆ ಋಣ ವಿದ್ಯುತ್ ಇರುವುದರಿಂದ, ಧನ ಅಯಾನಾದ ಕ್ಯಾಲ್ಸಿಯಂ ಇನ್ನೂ ಜೋರಾಗಿ ಎಳೆಯಲ್ಪಡುತ್ತದೆ. ನೂರಿದ್ದದ್ದು ಐನೂರೋ ಸಾವಿರವೋ ನ್ಯಾನೊಮೋಲಾರ್ ಆದರೆ ಸಾಕು, ಕೋಶಕ್ಕೆ ಅದು ದೊಡ್ಡ ಸುದ್ದಿ. ಪೊಟ್ಯಾಸಿಯಂನಿಂದ ಈ ಕೆಲಸ ಆಗುವುದಿಲ್ಲ. ಅದು ಕೋಶರಸದಲ್ಲಿ ಮೊದಲೇ ಕ್ಯಾಲ್ಸಿಯಂಗಿಂತ ಲಕ್ಷಾಂತರ ಪಟ್ಟು ಜಾಸ್ತಿ ಇದೆ. ಇನ್ನೊಂದಿಷ್ಟು ಸೇರಿದರೆ ಯಾರಿಗೆ ತಿಳಿಯುತ್ತದೆ?

ಗೇಟು ತೆಗೆಯುವಷ್ಟೇ ಮುಖ್ಯ ಮುಚ್ಚುವುದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿ ಹೋದಾಗ ಆ ಆತಂಕ ಏನೆಂದು ನಾವೆಲ್ಲ ನೋಡಿದ್ದೇವೆ. ಕೋಶದೊಳಗೂ ಕ್ಯಾಲ್ಸಿಯಂ ಏರಿ ಹಾಗೇ ನಿಂತುಬಿಟ್ಟರೆ ಕೋಶ ಸಾಯುತ್ತದೆ. ಇದಕ್ಕೆ ಗಿಡ ಮಾಡಿಕೊಂಡಿರುವ ವ್ಯವಸ್ಥೆ ನನಗೆ ಬಹಳ ಇಷ್ಟ. ಹೊರಹಾಕುವ ಪಂಪುಗಳಲ್ಲಿ ಕೆಲವಕ್ಕೆ ತಮ್ಮದೇ ದೇಹದ ಒಂದು ತುದಿ ಅಡ್ಡ ಬಿದ್ದು ತಡೆ ಹಾಕಿರುತ್ತದೆ. ಒಳಬಂದ ಕ್ಯಾಲ್ಸಿಯಂ ಕ್ಯಾಲ್‌ಮಾಡ್ಯುಲಿನ್ ಎಂಬ ಪ್ರೋಟೀನಿಗೆ ಅಂಟುತ್ತದೆ. ಆ ಪ್ರೋಟೀನ್ ಹೋಗಿ ಪಂಪಿನ ತಡೆ ಬಿಡಿಸುತ್ತದೆ. ಅಂದರೆ ಒಳಬಂದ ಕ್ಯಾಲ್ಸಿಯಂ ತನ್ನನ್ನೇ ಹೊರಹಾಕುವ ಪಂಪನ್ನು ಚಾಲೂ ಮಾಡುತ್ತದೆ. ಹೀಗಾಗಿಯೇ ಅದು ಏರಿ, ಇಳಿದು, ಮತ್ತೆ ಏರುವ ಅಲೆಯಾಗುತ್ತದೆ.

ಇಷ್ಟು ಸಣ್ಣ ಪ್ರಮಾಣದ ಏರಿಳಿತವನ್ನು ನೋಡಿದ್ದು ಹೇಗೆ? ಅದಕ್ಕೆ ನೆರವಾದದ್ದು ಸಮುದ್ರದ ಜೆಲ್ಲಿ ಮೀನು. ಜಪಾನಿನ ಒಸಾಮು ಶಿಮೊಮುರ ಅವರು 1962ರಲ್ಲಿ ಒಂದು ಜೆಲ್ಲಿ ಮೀನಿನಿಂದ ಏಕ್ವೋರಿನ್ ಎಂಬ ಪ್ರೋಟೀನ್ ಬೇರ್ಪಡಿಸಿದ ವಿಷಯ ಪ್ರಕಟಿಸಿದರು. ಕ್ಯಾಲ್ಸಿಯಂ ತಾಗಿದರೆ ಅದು ನೀಲಿ ಬೆಳಕು ಬೀರುತ್ತದೆ. ಅದೇ ಜೀವಿಯಲ್ಲಿ ಅವರಿಗೆ ಸಿಕ್ಕ ಹಸಿರು ಹೊಳೆಯುವ ಪ್ರೋಟೀನಿಗಾಗಿ 2008ರಲ್ಲಿ ಅವರು ನೊಬೆಲ್ ಪ್ರಶಸ್ತಿ ಹಂಚಿಕೊಂಡರು. 1991ರಲ್ಲಿ ಎಡಿನ್‌ಬರೋದ ಮಾರ್ಕ್ ನೈಟ್, ಆಂಟನಿ ಟ್ರೆವಾವಾಸ್ ಮತ್ತು ಸಂಗಡಿಗರು ಏಕ್ವೋರಿನ್ ಜೀನನ್ನು ತಂಬಾಕು ಜಾತಿಯ ಗಿಡಕ್ಕೆ ಸೇರಿಸಿದರು. ಸಸಿಯನ್ನು ಮುಟ್ಟಿದರು, ಅದು ಬೆಳಗಿತು. ತಣ್ಣೀರು ಹಾಕಿದರು, ಬೆಳಗಿತು. ಶಿಲೀಂಧ್ರದಿಂದ ತೆಗೆದ ಸತ್ವ ಹಾಕಿದರು, ಆಗಲೂ ಬೆಳಗಿತು. ಕಣ್ಣಿಗೆ ಕಾಣದಷ್ಟು ಮಂದ ಬೆಳಕು, ಕತ್ತಲಲ್ಲಿ ಯಂತ್ರವಿಟ್ಟು ಅಳೆಯಬೇಕು. ಆದರೂ ಗಿಡ ಮುಟ್ಟಿದ್ದನ್ನು ಗುರುತಿಸುವ ಕ್ಷಣ ಅಳತೆಗೆ ಸಿಕ್ಕಿತ್ತು!

ಈಗ ಉಪ್ಪಿನ ವಿಷಯಕ್ಕೆ ಬರೋಣ. ಬೇರಿನ ತುದಿಯ ಒಂದು ಕೋಶವನ್ನು ಹತ್ತಿರದಿಂದ ನೋಡಿ. ಮಣ್ಣಿನ ನೀರಿನಲ್ಲಿ ಸೋಡಿಯಂ ಹೆಚ್ಚಾಗಿದೆ. ಕೋಶಪೊರೆಯ ಹೊರಮೈಯಲ್ಲಿ ಸಕ್ಕರೆಯ ತಲೆಯಿರುವ ಒಂದು ಬಗೆಯ ಕೊಬ್ಬಿನ ಅಣುಗಳಿವೆ, ಅವುಗಳಿಗೆ ಋಣ ವಿದ್ಯುತ್ ಇದೆ. ಸೋಡಿಯಂ ಬಂದು ಅವಕ್ಕೆ ಅಂಟಿಕೊಳ್ಳುತ್ತದೆ. ಅದರಿಂದ ಕ್ಯಾಲ್ಸಿಯಂ ಚಾನೆಲ್ ತೆರೆಯುತ್ತದೆ. ಉಪ್ಪನ್ನು ಗುರುತಿಸುವ ಈ ಮೊದಲ ಹೆಜ್ಜೆ ಬೆಳಕಿಗೆ ಬಂದದ್ದು 2019ರಲ್ಲಿ, ಅರಬಿಡಾಪ್ಸಿಸ್ ಗಿಡದಲ್ಲಿ. ಸಾಸಿವೆಯ ಸಂಬಂಧಿಯಾದ ಈ ಪುಟ್ಟ ಕಳೆ ಗಿಡದ ಮೇಲೆಯೇ ಇಂಥ ಪ್ರಯೋಗಗಳು ಹೆಚ್ಚಾಗಿ ನಡೆಯುತ್ತವೆ.

ಕ್ಯಾಲ್ಸಿಯಂ ಒಳಗೆ ಬಂತು. ಮುಂದೆ? ಕ್ಯಾಲ್ಸಿಯಂ ತಾನೇ ಏನೂ ಮಾಡುವುದಿಲ್ಲ. ಅದನ್ನು ಹಿಡಿಯಲು ಪ್ರೋಟೀನುಗಳು ಕಾದಿರುತ್ತವೆ. ಅವುಗಳ ದೇಹದಲ್ಲಿ ಕ್ಯಾಲ್ಸಿಯಂ ಸರಿಯಾಗಿ ಕೂರುವಂಥ ಮಡಿಕೆಗಳಿವೆ. ಅದು ಬಂದು ಕೂತಾಗ ಪ್ರೋಟೀನಿನ ಆಕಾರ ಬದಲಾಗುತ್ತದೆ. ಆಕಾರ ಬದಲಾದರೆ ಜೊತೆಗಾರರೂ ಬದಲಾಗುತ್ತಾರೆ. ಉಪ್ಪಿನ ಸುದ್ದಿ ಹಿಡಿಯುವ ಪ್ರೋಟೀನಿನ ಹೆಸರು ಎಸ್‌ಒಎಸ್3. ಕ್ಯಾಲ್ಸಿಯಂ ಕೂತ ಮೇಲೆ ಅದು ಎಸ್‌ಒಎಸ್2 ಎಂಬ ಕಿಣ್ವವನ್ನು ಚಾಲೂ ಮಾಡಿ ಪೊರೆಯ ಬಳಿ ಕರೆದೊಯ್ಯುತ್ತದೆ. ಅಲ್ಲಿ ಎಸ್‌ಒಎಸ್2 ಒಂದು ಫಾಸ್ಫೇಟ್ ಚೂರನ್ನು ಎಸ್‌ಒಎಸ್1ಕ್ಕೆ ಅಂಟಿಸುತ್ತದೆ. ಎಸ್‌ಒಎಸ್1 ಪೊರೆಯಲ್ಲಿರುವ ಸಾಗಣೆದಾರ. ಹೈಡ್ರೋಜನ್ ಅಯಾನನ್ನು ಒಳಗೆ ಬಿಟ್ಟುಕೊಂಡು ಸೋಡಿಯಂ ಅನ್ನು ಹೊರಗೆ ಹಾಕುವುದು ಅದರ ಕೆಲಸ. ಅಂತೂ ಉಪ್ಪು ಒಳಬಂದ ಸುದ್ದಿಯೇ ಉಪ್ಪು ಹೊರಹಾಕುವ ಕೆಲಸವಾಗಿ ಮುಗಿಯುತ್ತದೆ. ಈ ಮೂರು ಜೀನುಗಳಲ್ಲಿ ಒಂದು ಕೆಟ್ಟರೂ ಗಿಡ ಸ್ವಲ್ಪ ಉಪ್ಪನ್ನೂ ತಾಳುವುದಿಲ್ಲ. ಜಿಯಾನ್-ಕಾಂಗ್ ಜೂ ಅವರ ತಂಡ ಅಂಥ ಗಿಡಗಳನ್ನು ಹುಡುಕಿಯೇ ಈ ಸರಪಳಿಯನ್ನು ಬಿಡಿಸಿತು. ಭತ್ತದಲ್ಲೂ ಇದೇ ಏರ್ಪಾಡು ಇದೆ ಎಂದು 2007ರಲ್ಲಿ ತೋರಿಸಲಾಯಿತು.

ಹಾಗಿದ್ದರೆ ಭತ್ತ ಸವುಳಿನಲ್ಲಿ ಸೊರಗುವುದು ಯಾಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸುದ್ದಿ ಮುಟ್ಟಿದರೆ ಸಾಲದು, ಹೊರಹಾಕುವ ವೇಗ ಒಳನುಗ್ಗುವ ವೇಗಕ್ಕೆ ಸಮ ಬರಬೇಕು. ಸೋಡಿಯಂ ಹೊರಹಾಕಲು ಖರ್ಚಿದೆ, ಆ ಶಕ್ತಿ ತೆಂಡೆಗೆ, ಕಾಳಿಗೆ ಹೋಗಬೇಕಾದದ್ದು. ಬೆಳೆ ಬೆಳೆಗೂ ವ್ಯತ್ಯಾಸವಿದೆ. ಮಣ್ಣಿನ ಉಪ್ಪನ್ನು ಅಳೆಯುವುದು ಡೆಸಿಸೀಮನ್ಸ್ ಪ್ರತಿ ಮೀಟರ್ ಎಂಬ ಅಳತೆಯಲ್ಲಿ. ಭತ್ತದ ಇಳುವರಿ ಸುಮಾರು 3 ದಾಟಿದ ಮೇಲೆ ಕುಸಿಯತೊಡಗುತ್ತದೆ. ಹತ್ತಿ 7.7ರವರೆಗೂ ತಾಳುತ್ತದೆ. ಅದರಲ್ಲೂ ಭತ್ತಕ್ಕೆ ಎಳೆ ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ ಉಪ್ಪಿನ ಕಾಟ ಹೆಚ್ಚು.

ಬೇರಿನ ಸುದ್ದಿ ಬೇರಿನಲ್ಲೇ ನಿಲ್ಲುವುದಿಲ್ಲ. 2014ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸೈಮನ್ ಗಿಲ್ರಾಯ್ ಅವರ ಪ್ರಯೋಗಾಲಯ ಇದನ್ನು ಅಳೆಯಿತು. ಅರಬಿಡಾಪ್ಸಿಸ್ ಬೇರಿನ ತುದಿಗೆ ಮಾತ್ರ ಉಪ್ಪು ಹಾಕಿದಾಗ ಕ್ಯಾಲ್ಸಿಯಂ ಅಲೆ ಕೋಶದಿಂದ ಕೋಶಕ್ಕೆ ದಾಟುತ್ತಾ ಸೆಕೆಂಡಿಗೆ ಸುಮಾರು 0.4 ಮಿಲಿಮೀಟರ್ ವೇಗದಲ್ಲಿ ಮೇಲೇರಿತು. ಅಂದರೆ ಹತ್ತು ಸೆಂಟಿಮೀಟರ್‌ಗೆ ನಾಲ್ಕು ನಿಮಿಷದ ಆಸುಪಾಸು. ಉಪ್ಪು ಇನ್ನೂ ಮೇಲಕ್ಕೆ ಬಂದಿರುವುದಿಲ್ಲ, ಅಷ್ಟರಲ್ಲೇ ಮೇಲಿನ ಭಾಗದಲ್ಲಿ ಜೀನುಗಳ ಕೆಲಸ ಬದಲಾಗತೊಡಗಿರುತ್ತದೆ.

ನಾಲ್ಕು ವರ್ಷದ ನಂತರ ಮಸತ್ಸುಗು ಟೊಯೋಟ ಮತ್ತು ಗಿಲ್ರಾಯ್ ತಂಡ ಹೊರತಂದ ವಿಡಿಯೋ ನೀವೂ ಫೋನಿನಲ್ಲಿ ನೋಡಿರಬಹುದು. ಹುಳವೊಂದು ಎಲೆ ಕಡಿಯುತ್ತದೆ. ಕಡಿದ ಜಾಗದಿಂದ ಹಸಿರು ಬೆಳಕು ಎದ್ದು, ಎಲೆಯ ನಾಳ ಹಿಡಿದು, ಕಾಂಡ ದಾಟಿ, ಇನ್ನೊಂದು ಎಲೆಗೆ ಹೋಗಿ ಮುಟ್ಟುತ್ತದೆ. ವೇಗ ಸೆಕೆಂಡಿಗೆ ಸುಮಾರು ಒಂದು ಮಿಲಿಮೀಟರ್. ಕ್ಯಾಲ್ಸಿಯಂ ತಾಗಿದರೆ ಹೊಳೆಯುವಂತೆ ಮಾಡಿದ ಪ್ರೋಟೀನ್ ಆ ಗಿಡದ ತುಂಬ ಇತ್ತು. ಅಲೆ ಎಬ್ಬಿಸಿದ್ದು ಗ್ಲುಟಮೇಟ್. ಗೋಬಿ ಮಂಚೂರಿಗೆ ಹಾಕುವ ಟೇಸ್ಟಿಂಗ್ ಪೌಡರ್ ಇದೆಯಲ್ಲ, ಅದರಲ್ಲಿರುವುದೂ ಇದೇ. ಹರಿದ ಕೋಶಗಳಿಂದ ಸೋರಿದ ಗ್ಲುಟಮೇಟ್ ಪಕ್ಕದ ಕೋಶಗಳ ಚಾನೆಲ್ ತೆರೆಯಿತು. ಆ ಬಗೆಯ ಎರಡು ಚಾನೆಲ್ ಇಲ್ಲದ ಗಿಡದಲ್ಲಿ ಬೆಳಕು ದೂರ ಹೋಗಲೇ ಇಲ್ಲ. ಅಲೆ ಮುಟ್ಟಿದ ಎಲೆಯಲ್ಲಿ ಜಾಸ್ಮೋನಿಕ್ ಆಮ್ಲ ಹೆಚ್ಚಿತು. ಹುಳಕ್ಕೆ ಎದುರಾಗಿ ಗಿಡವನ್ನು ಸಜ್ಜು ಮಾಡುವ ಹಾರ್ಮೋನ್ ಅದು.

ಆ ವಿಡಿಯೋ ಹಾಕಿ "ಗಿಡಕ್ಕೂ ನೋವಾಗುತ್ತದೆ, ನೋಡಿ" ಅಂತ ಹಂಚುವವರಿದ್ದಾರೆ. ಅದು ಸರಿಯಲ್ಲ. ನೋವು ಅನ್ನುವುದಕ್ಕೆ ಅದನ್ನು ಅನುಭವಿಸುವ ಮಿದುಳು ಬೇಕು. ಗಿಡದಲ್ಲಿ ನಡೆಯುವುದು ಸುದ್ದಿ ಮತ್ತು ಅದಕ್ಕೆ ತಕ್ಕ ಕೆಲಸ. ಅಷ್ಟಕ್ಕೇ ಅದು ಸಾಕಷ್ಟು ದೊಡ್ಡ ವಿಷಯ, ಇಲ್ಲದ್ದನ್ನು ಸೇರಿಸಬೇಕಿಲ್ಲ.

ಇಲ್ಲಿಗೆ ಒಂದು ತೊಡಕು ಎದ್ದು ಕಾಣುತ್ತದೆ. ಉಪ್ಪಿಗೂ ಕ್ಯಾಲ್ಸಿಯಂ, ಹುಳ ಕಡಿದರೂ ಕ್ಯಾಲ್ಸಿಯಂ, ಮುಟ್ಟಿದರೂ ಕ್ಯಾಲ್ಸಿಯಂ, ಚಳಿಗೂ ಕ್ಯಾಲ್ಸಿಯಂ. ಡಿಸೆಂಬರ್ ಚಳಿಯಲ್ಲಿ ಬೇಸಿಗೆ ಭತ್ತದ ಸಸಿ ಮಡಿ ಎಷ್ಟು ನಿಧಾನ ಏಳುತ್ತದೆ ಅಂತ ಇಲ್ಲಿನ ರೈತರಿಗೆ ಗೊತ್ತು. ಭತ್ತದ ಕೋಶ ಚಳಿ ಅರಿಯುವುದೂ ಕ್ಯಾಲ್ಸಿಯಂ ಒಳಬಿಟ್ಟುಕೊಂಡೇ. ಅದಕ್ಕೆ ಬೇಕಾದ ಕೋಲ್ಡ್1 ಎಂಬ ಜೀನು 2015ರಲ್ಲಿ ಗೊತ್ತಾಯಿತು. ಎಲ್ಲ ಸುದ್ದಿಗೂ ಒಂದೇ ಅಯಾನು ಬಂದರೆ ಯಾವುದು ಯಾವುದರ ಸುದ್ದಿ ಅಂತ ಕೋಶಕ್ಕೆ ತಿಳಿಯುವುದು ಹೇಗೆ?

ಒಂದು ಉತ್ತರ, ಏರಿಳಿತದ ಲಯದಲ್ಲೇ ಅರ್ಥ ಇದೆ ಅನ್ನುವುದು. ಇದಕ್ಕೆ ಒಳ್ಳೆಯ ಸಾಕ್ಷಿ ಪತ್ರರಂಧ್ರದಿಂದ ಬಂದಿದೆ. ಎಲೆಯ ಈ ಸಣ್ಣ ಬಾಯಿಗಳ ಎರಡು ಪಕ್ಕದಲ್ಲಿ ಎರಡು ಕಾವಲು ಕೋಶಗಳಿರುತ್ತವೆ. ಮಣ್ಣಿನಲ್ಲಿ ತೇವ ಆರಿದಾಗ ಗಿಡ ಆಬ್ಸಿಸಿಕ್ ಆಮ್ಲ ಎಂಬ ಹಾರ್ಮೋನನ್ನು ಹೆಚ್ಚಿಸುತ್ತದೆ, ಕಾವಲು ಕೋಶಗಳಲ್ಲಿ ಕ್ಯಾಲ್ಸಿಯಂ ಏರಿಳಿಯುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಮಳೆಯಾಶ್ರಿತ ತೊಗರಿ ನೀರು ಉಳಿಸಿಕೊಳ್ಳುವುದಕ್ಕೂ ಇದೇ ಆಸರೆ. 2001ರಲ್ಲಿ ಅರಬಿಡಾಪ್ಸಿಸ್ ಗಿಡದ ಕಾವಲು ಕೋಶಗಳಲ್ಲಿ ಬೇರೆ ಬೇರೆ ಲಯದ ಏರಿಳಿತವನ್ನು ಹೊರಗಿನಿಂದಲೇ ಉಂಟುಮಾಡಿ ನೋಡಿದರು. ಕ್ಯಾಲ್ಸಿಯಂ ಹೇಗೆ ಏರಿದರೂ ಬಾಯಿ ಕೂಡಲೇ ಮುಚ್ಚಿತು. ಆದರೆ ಆಮೇಲೂ ಮುಚ್ಚಿಕೊಂಡೇ ಇರಲು ಏರಿಳಿತದ ಸಂಖ್ಯೆ, ಅಂತರ, ಅವಧಿ ಒಂದು ಮಿತಿಯೊಳಗೆ ಇರಬೇಕಾಗಿತ್ತು.

ಇನ್ನೂ ಬಲವಾದ ಸಾಕ್ಷಿ ಬೇಳೆಕಾಳಿನ ಜಾತಿಯ ಗಿಡಗಳಲ್ಲಿದೆ. ತೊಗರಿ ಗಿಡ ಕಿತ್ತು ಮಣ್ಣು ಕೊಡವಿದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಲ್ಲಿ ಸೀಳಿ. ಒಳಗೆ ಕೆಂಪಗಿದ್ದರೆ ಅಲ್ಲಿ ರೈಜೋಬಿಯಂ ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುತ್ತಿದೆ ಎಂದು ತಿಳಿಯಿರಿ. ಈ ಬ್ಯಾಕ್ಟೀರಿಯಾ ಒಂದು ರಾಸಾಯನಿಕವನ್ನು ಬಿಡುತ್ತದೆ. ಅದು ಬೇರಿನ ರೋಮಕ್ಕೆ ತಾಗಿದ ಕೆಲವು ನಿಮಿಷಗಳಲ್ಲಿ ಕೋಶಕೇಂದ್ರದ ಸುತ್ತ ಕ್ಯಾಲ್ಸಿಯಂ ಮಿಡಿಯತೊಡಗುತ್ತದೆ, ಹೆಚ್ಚುಕಡಿಮೆ ನಿಮಿಷಕ್ಕೊಂದು ಮಿಡಿತ. 1996ರಲ್ಲಿ ಶ್ಯಾರನ್ ಲಾಂಗ್ ಅವರ ತಂಡ ಇದನ್ನು ಲೂಸರ್ನ್ ಮೇವಿನ ಗಿಡದಲ್ಲಿ ಮೊದಲು ಕಂಡಿತು. ಈ ಮಿಡಿತ ಓದುವ ಕಿಣ್ವವೊಂದು ಕೋಶಕೇಂದ್ರದಲ್ಲೇ ಕೂತಿದೆ. 2006ರಲ್ಲಿ ಆ ಕಿಣ್ವವನ್ನು ಸದಾ ಚಾಲೂ ಇರುವಂತೆ ತಿದ್ದಿದಾಗ ಬ್ಯಾಕ್ಟೀರಿಯಾ ಇಲ್ಲದೆಯೇ ಬೇರಿನಲ್ಲಿ ಗಂಟು ಮೂಡಿತು! ಒಳಗೆ ಖಾಲಿ, ಆದರೂ ಗಂಟು. ಸುದ್ದಿ ಬಂದಿದೆ ಅಂತ ಗಿಡ ನಂಬಿದ್ದಕ್ಕೆ ಇದಕ್ಕಿಂತ ಪುರಾವೆ ಬೇಕಾ?

ಇನ್ನು ಕೆಲವು ವಿಜ್ಞಾನಿಗಳು ಲಯಕ್ಕೆ ಇಷ್ಟೊಂದು ಬೆಲೆ ಕೊಡುವುದಿಲ್ಲ. ಬಹಳ ಕಡೆ ಕ್ಯಾಲ್ಸಿಯಂ ಬರೀ ಸ್ವಿಚ್ಚು, ಅದರ ಜೊತೆ ಬರುವ ಬೇರೆ ಸುದ್ದಿಗಳು ಅರ್ಥವನ್ನು ತೀರ್ಮಾನಿಸುತ್ತವೆ ಅನ್ನುವುದು ಅವರ ವಾದ. ನನಗೆ ಎರಡರಲ್ಲೂ ಹುರುಳಿದೆ ಅನ್ನಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೋಶದ ಯಾವ ಮೂಲೆಯಲ್ಲಿ ಕ್ಯಾಲ್ಸಿಯಂ ಏರಿತು, ಅಲ್ಲಿ ಅದನ್ನು ಹಿಡಿಯಲು ಯಾರಿದ್ದರು ಎಂಬುದೇ ಮುಖ್ಯ. ಅರಬಿಡಾಪ್ಸಿಸ್ ಒಂದರಲ್ಲೇ ಎಸ್‌ಒಎಸ್3 ಬಳಗದ ಪ್ರೋಟೀನುಗಳು 10, ಅವು ಜೊತೆಯಾಗುವ ಎಸ್‌ಒಎಸ್2 ಬಳಗದವು 26. ಕ್ಯಾಲ್ಸಿಯಂ ಅನ್ನು ನೇರವಾಗಿ ಹಿಡಿದು ಕೆಲಸ ಮಾಡುವ ಇನ್ನೊಂದು ಬಗೆಯ ಕಿಣ್ವಗಳು 34. ಈ 34ರ ಬಗೆಯವು ಪ್ರಾಣಿಗಳಲ್ಲಿ ಇಲ್ಲವೇ ಇಲ್ಲ. ಸುದ್ದಿ ಒಂದೇ, ಓದುಗರು ಇಷ್ಟು ಜನ.

ಕೊನೆಗೆ ರೈತರು ಕೇಳುವ ಪ್ರಶ್ನೆ: ಹಾಗಾದರೆ ಕ್ಯಾಲ್ಸಿಯಂ ಗೊಬ್ಬರ ಹೊಡೆದರೆ ಗಿಡಕ್ಕೆ ಸುದ್ದಿ ಚುರುಕಾಗುತ್ತದಾ? ಇಲ್ಲ. ಹೊರಗೆ ಮೊದಲೇ ಹತ್ತು ಸಾವಿರ ಪಟ್ಟು ಇದೆ. ಅದನ್ನು ಇನ್ನಷ್ಟು ಏರಿಸಿದ ಮಾತ್ರಕ್ಕೆ ಗೇಟು ತೆರೆಯುವುದಿಲ್ಲ. ಕೊರತೆ ಇದ್ದರೆ ಕ್ಯಾಲ್ಸಿಯಂ ಕೊಡಿ, ಅದು ಬೇರೆ ಮಾತು. "ಸಿಗ್ನಲ್ ಹೆಚ್ಚಿಸುತ್ತದೆ" ಅಂತ ಯಾರಾದರೂ ಬಾಟಲಿ ತೋರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ.

ಆದರೆ ಉಪ್ಪಿನ ನೆಲದಲ್ಲಿ ಬೇರಿನ ಸುತ್ತ ಕ್ಯಾಲ್ಸಿಯಂ ಇರುವುದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. 1969ರಲ್ಲಿ ಲಾಹೇ ಮತ್ತು ಎಪ್‌ಸ್ಟೀನ್ ಅವರು ಬೀನ್ಸ್ ಗಿಡಗಳನ್ನು ಉಪ್ಪು ನೀರಿನಲ್ಲಿ ಬೆಳೆಸಿದರು. ಕ್ಯಾಲ್ಸಿಯಂ ತೀರಾ ಕಡಿಮೆ ಇದ್ದ ಗಿಡಗಳ ಎಲೆಗೆ ಸೋಡಿಯಂ ನುಗ್ಗಿ ಗಿಡ ಕೆಟ್ಟವು. ಸಾಕಷ್ಟು ಕ್ಯಾಲ್ಸಿಯಂ ಇದ್ದವು ಅದೇ ಉಪ್ಪನ್ನು ತಾಳಿದವು. ಬೇರಿನ ಪೊರೆ ಬಿಗಿಯಾಗಿರಲು, ಸೋಡಿಯಂ ನುಸುಳದಿರಲು ಹೊರಗೆ ಕ್ಯಾಲ್ಸಿಯಂ ಬೇಕು.

ನಮ್ಮ ಎರೆ ಮಣ್ಣಿನಲ್ಲಿ ಸುಣ್ಣದ ಹರಳು ಬೇಕಾದಷ್ಟಿದೆ ಅಲ್ವಾ, ಮತ್ತೆ ಕೊರತೆ ಎಲ್ಲಿಯದು ಅಂತ ಅನ್ನಿಸಬಹುದು. ಆ ಹರಳು ಕ್ಯಾಲ್ಸಿಯಂ ಕಾರ್ಬೊನೇಟ್, ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಜಿಪ್ಸಂ ಕರಗುತ್ತದೆ. ಅದಕ್ಕೇ ಸೋಡಿಯಂ ಹತ್ತಿ ಬಿಗಿದುಕೊಂಡ ಕ್ಷಾರ ಮಣ್ಣಿಗೆ ಜಿಪ್ಸಂ ಹಾಕುವುದು. ಅದರ ಕ್ಯಾಲ್ಸಿಯಂ ಮಣ್ಣಿನ ಕಣದ ಮೇಲೆ ಕೂತ ಸೋಡಿಯಂ ಅನ್ನು ಎಬ್ಬಿಸಿ ಆ ಜಾಗ ಹಿಡಿಯುತ್ತದೆ. ಎದ್ದ ಸೋಡಿಯಂ ನೀರಿನೊಂದಿಗೆ ಹೊಲದಾಚೆ ಹೋಗಬೇಕು. ಬಸಿಗಾಲುವೆ ಇಲ್ಲದಿದ್ದರೆ ಅದು ಅಲ್ಲೇ ಸುತ್ತಾಡಿ ಮುಂದಿನ ಬೇಸಿಗೆಗೆ ಮತ್ತೆ ಮೇಲೆ ಬರುತ್ತದೆ. ಬರೀ ಉಪ್ಪು ಹೆಚ್ಚಿದ್ದು ಕ್ಷಾರವಿಲ್ಲದ ಮಣ್ಣಿಗೆ ಜಿಪ್ಸಂ ದಂಡ, ಅಲ್ಲಿ ಒಳ್ಳೆ ನೀರು ಕಟ್ಟಿ ಬಸಿಯುವುದೇ ದಾರಿ. ಎರಡರಲ್ಲಿ ನಿಮ್ಮದು ಯಾವುದು ಅಂತ ಕಣ್ಣಳತೆಯಲ್ಲಿ ಹೇಳಲಾಗದು. ಮಣ್ಣು ಪರೀಕ್ಷೆ ಮಾಡಿಸಿ, ರಸಸಾರ ಮತ್ತು ಸೋಡಿಯಂ ಎರಡನ್ನೂ ಕೇಳಿ ಬರೆಸಿಕೊಳ್ಳಿ.